ಮುಚ್ಚಿದ ಕಾರ್ಖಾನೆ ಪಕ್ಕದ ಕೆರೆ ಹೂಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆಯಲ್ಲಿ ಕೆರೆ ಬತ್ತಿ ಹೂಳಿನ ಟ್ರ್ಯಾಕ್ಟರ್‌ಗಳು ಓಡಾಡತೊಡಗಿದರೆ ನನ್ನ ಫೋನಿಗೂ ಬಿಡುವಿರುವುದಿಲ್ಲ. ಕಲಬುರಗಿಯಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ನಾನು. ಹಳೆ ವಿದ್ಯಾರ್ಥಿಗಳು, ಅವರ ಅಪ್ಪಂದಿರು, ಪಂಚಾಯ್ತಿ ಮೆಂಬರುಗಳು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಅವರು ಕೇಳಿದ ಧಾಟಿಯಲ್ಲೇ ಪ್ರಶ್ನೆಗಳನ್ನು ಬಿಟ್ಟಿದ್ದೇನೆ.

## ಮೊದಲಿಗೆ ಕೇಳುವವು

ಫ್ಯಾಕ್ಟರಿ ಬಂದ್ ಆಗಿ ಇಪ್ಪತ್ತೈದು ವರ್ಷ ಆಯ್ತು. ಇನ್ನೂ ವಿಷ ಇರ್ತದೇನ್ರಿ?

ಇರಬಹುದು. ಕೆರೆಯ ನೀರು ಕೋಡಿ ಬಿದ್ದು ಹೋಗುತ್ತದೆ, ಆವಿಯಾಗುತ್ತದೆ, ಮುಂದಿನ ಮಳೆಗೆ ಹೊಸದು ಬರುತ್ತದೆ. ಹೂಳು ಮಾತ್ರ ಇದ್ದಲ್ಲೇ ಇರುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಕೊಳೆಯುವ ವಸ್ತುಗಳಲ್ಲ. ನೂರು ವರ್ಷವಾದರೂ ಸೀಸ ಸೀಸವೇ. ಹಳೆ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ, ಬಾಯ್ಲರ್ ಮಸಿಯ ಪಿಎಎಚ್ ಎಂಬ ಇಂಗಾಲದ ವಿಷಗಳು ಒಡೆದು ಕಡಿಮೆಯಾಗುತ್ತವೆ, ಆದರೆ ಬಹಳ ನಿಧಾನ.

ಕಾರ್ಖಾನೆ ನಿಂತ ಮೇಲೆ ಪ್ರತಿ ಮಳೆಗಾಲವೂ ಅದರ ಮೇಲೊಂದು ಪದರ ಹೊಸ ಮಣ್ಣು ಹಾಸಿರುತ್ತದೆ. ಟ್ರಂಕಿನ ತಳದಲ್ಲಿ ಮಡಿಸಿಟ್ಟ ಸೀರೆಯ ಹಾಗೆ ಹಳೆಯದು ಕೆಳಗಿದೆ. ಜೆಸಿಬಿ ಬಕೆಟ್ ನಾಲ್ಕಡಿ ಇಳಿದಾಗ ಮೇಲೆ ಬರುವುದು ಅದೇ. ಆದ್ದರಿಂದ ಹೂಳೆತ್ತುವ ಮೊದಲು ಕೇಳಬೇಕಾದ ಪ್ರಶ್ನೆ ಇದು, ಎತ್ತಿದ ಮೇಲಲ್ಲ.

ನೀರ್ ಟೆಸ್ಟ್ ಮಾಡ್ಸೀವ್ರಿ, ಎಲ್ಲಾ ನಾರ್ಮಲ್ ಬಂತು. ಮತ್ತ ಹೂಳು ಯಾಕ ನೋಡ್ಬೇಕು?

ಲೋಹಗಳಿಗೆ ನೀರಿಗಿಂತ ಜೇಡಿಯ ಸಹವಾಸವೇ ಇಷ್ಟ. ನಮ್ಮ ಕಡೆಯ ಕಪ್ಪು ಮಣ್ಣಿನಲ್ಲಿ ಜೇಡಿಯೂ ಹೆಚ್ಚು, ಸುಣ್ಣದ ಅಂಶವೂ ಹೆಚ್ಚು. ಬಂದ ಲೋಹವನ್ನು ಹಿಡಿದು ಕೆಳಗೆ ಕೂಡಿಸಿಬಿಡುತ್ತದೆ. ಮೇಲೆ ನೀರು ತಿಳಿಯಾಗಿ ಕಂಡರೂ ತಳದ ಲೆಕ್ಕ ಬೇರೆ.

ಅಳತೆಯೂ ಬೇರೆ. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಹೂಳಿನ ವರದಿಯಲ್ಲಿ ಅದೇ ಸೀಸ ಒಣ ಮಣ್ಣಿನ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಬರುತ್ತದೆ. ಯಾವ ತಪ್ಪೂ ಮಾಡದ ಕೆರೆಯಲ್ಲೂ ಅದು ಹತ್ತು, ಇಪ್ಪತ್ತು ಇರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು "ಸಾವಿರ ಪಟ್ಟು ಜಾಸ್ತಿ" ಎಂದು ಕೂಗಿದವರನ್ನು ನೋಡಿದ್ದೇನೆ. ಹಾಗೆ ಹೋಲಿಸಬಾರದು.

ಹೂಳು ಹೊಲಕ್ಕ ಹಾಕಬೇಕೋ ಬ್ಯಾಡೋ? ಅಷ್ಟೇ ಹೇಳ್ರಿ ಸರ.

ಕಾರ್ಖಾನೆಯ ಕೊಳಚೆ ಬರುತ್ತಿದ್ದ ಕೆರೆಯಾದರೆ ವರದಿ ಕೈಗೆ ಬರುವ ತನಕ ಬೇಡ. ಬೇರೆ ಕೆರೆಯಾದರೆ ಧಾರಾಳವಾಗಿ ಹಾಕಿ. ಹಗುರ ಮಣ್ಣಿನ ಹೊಲಕ್ಕೆ ಕೆರೆ ಮಣ್ಣಿನಂಥ ಗೊಬ್ಬರ ಇಲ್ಲ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಬೇಡ ಎನ್ನಲು ಕಾರಣವಿದೆ. ನೀರಿನಡಿ ಗಾಳಿಯಿಲ್ಲದ ಕಡೆ ಲೋಹಗಳು ಗಂಧಕದ ಜೊತೆ ಸೇರಿ ಸಲ್ಫೈಡ್ ಆಗಿ ಗಟ್ಟಿಯಾಗಿ ಕೂತಿರುತ್ತವೆ. ಹೂಳು ಕಪ್ಪಗಿರುವುದೂ ಕೊಳೆತ ಮೊಟ್ಟೆಯ ವಾಸನೆ ಬರುವುದೂ ಈ ಗಂಧಕದಿಂದಲೇ. ಅದನ್ನು ಎತ್ತಿ ಹೊಲದಲ್ಲಿ ಹರಡಿ ಬಿಸಿಲಿಗೆ ಒಣಗಿಸಿದರೆ ಗಾಳಿ ಸೋಕಿ ಸಲ್ಫೈಡ್ ಮುರಿಯುತ್ತದೆ, ಲೋಹಕ್ಕೆ ಬಿಡುಗಡೆ ಸಿಗುತ್ತದೆ. ನಾಲ್ಕು ದಿನದಲ್ಲಿ ಕಪ್ಪು ಹೂಳು ಕಂದು ಬಣ್ಣಕ್ಕೆ ತಿರುಗುವುದನ್ನು ನೀವೂ ನೋಡಿರುತ್ತೀರಿ. ಕೆರೆಯಲ್ಲಿ ಮಲಗಿದ್ದದ್ದು ಹೊಲದಲ್ಲಿ ಎದ್ದು ಕೂತಂತೆ.

ಬೆಳೆಯಿಂದ ಬೆಳೆಗೆ ವ್ಯತ್ಯಾಸವಿದೆ. ಕ್ಯಾಡ್ಮಿಯಂ ಪಾಲಕ್, ಮೆಂತ್ಯದಂಥ ಸೊಪ್ಪಿಗೆ ಬೇಗ ಏರುತ್ತದೆ. ಸೀಸ ಬೇರಿನಲ್ಲೇ ಉಳಿಯುವುದು ಹೆಚ್ಚು. ಅದು ನಮ್ಮ ಹೊಟ್ಟೆ ಸೇರುವುದು ಎಲೆಗೆ ಅಂಟಿದ ಧೂಳಿನಿಂದ, ಮಣ್ಣಾಡಿದ ಮಕ್ಕಳ ಕೈಯಿಂದ. ತೊಗರಿ, ಜೋಳದ ಕಾಳಿಗೆ ಹೋಗುವುದು ಸೊಪ್ಪಿಗೆ ಹೋಗುವುದಕ್ಕಿಂತ ಕಡಿಮೆ. ಹಾಗಂತ ಸಂಶಯದ ಹೂಳನ್ನು ತೊಗರಿಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಹೊಲಕ್ಕೆ ಬಿದ್ದ ಮಣ್ಣನ್ನು ವಾಪಸ್ ತೆಗೆಯಲು ಆಗುವುದಿಲ್ಲ, ಮುಂದೆ ಅಲ್ಲಿ ನಿಮ್ಮ ಮಗ ಏನು ಬಿತ್ತುತ್ತಾನೋ ಗೊತ್ತಿಲ್ಲ.

ನನ್ನತ್ರ ಸಾಯಿಲ್ ಹೆಲ್ತ್ ಕಾರ್ಡ್ ಅದ. ಅದರಾಗ ಎಲ್ಲಾ ಸರಿ ಅದ ಅಂತ ಬರದಾರ.

ಆ ಕಾರ್ಡಿನಲ್ಲಿ ಹನ್ನೆರಡು ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ಪಿಎಚ್, ಲವಣಾಂಶ, ಸಾವಯವ ಇಂಗಾಲ. ಸೀಸವೂ ಇಲ್ಲ, ಕ್ಯಾಡ್ಮಿಯಮ್ಮೂ ಇಲ್ಲ. ಸತು, ತಾಮ್ರ ನೋಡುವುದು ಬೆಳೆಗೆ ಕೊರತೆ ಇದೆಯೇ ಎಂದು ತಿಳಿಯಲು. ಬೇರೆ ಉದ್ದೇಶದ ಕಾರ್ಡು ಅದು.

ಆ ಕೆರಿ ಮೀನ ತಿನ್ನಬಹುದಾ?

ಯಾವ ಮೀನು ಎಂಬುದು ಮುಖ್ಯ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ತಿನ್ನುತ್ತವೆ. ಪರೀಕ್ಷೆಗೆ ಕಳಿಸುವುದಾದರೆ ಮೃಗಾಲ್ ಕಳಿಸಿ. ಮಾಂಸ ಬೇರೆ, ಯಕೃತ್ತು ಬೇರೆ ಮಾಡಿ ನೋಡಲು ಹೇಳಿ. ಪಾದರಸದ ಸಂಶಯವಿದ್ದರೆ ಬೇರೆ ಮೀನು ತಿಂದು ಬದುಕುವ ಕೊರವ ಮೀನನ್ನೂ ಸೇರಿಸಿ.

ಲ್ಯಾಬ್‌ಗೆ ರೊಕ್ಕ ಹಾಕೂಕಿಂತ ಮೊದಲ ಮನ್ಯಾಗೇ ಏನರ ನೋಡಬಹುದಾ?

ಪೂರ್ತಿ ಗೊತ್ತಾಗುವುದಿಲ್ಲ, ಸುಳಿವು ಸಿಗುತ್ತದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಚುಚ್ಚಿ. ಒಡೆದ ಹಪ್ಪಳದಂತೆ ಚೂರುಚೂರಾಗಿ ಬಿಟ್ಟುಕೊಂಡರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಬೀದರ್ ಕಡೆಯ ಕೆಂಪು ಮಣ್ಣಿನಲ್ಲಿ ಕಂಡರೆ ಆಶ್ಚರ್ಯಪಡಬೇಕಿಲ್ಲ. ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಂಡರೆ ಎಣ್ಣೆ.

ಇನ್ನೊಂದು, ಬೀಜ ಮೊಳಕೆ. ಹೊರದೇಶದಲ್ಲಿ ಮಣ್ಣಿನ ವಿಷ ನೋಡಲು ಮಾರುವ ಒಂದು ಕಿಟ್‌ನಲ್ಲಿ ಮೂರು ಬೀಜ ಬಳಸುತ್ತಾರೆ: ಸಿಹಿಜೋಳ, ಬಿಳಿ ಸಾಸಿವೆ, ಮತ್ತು ಬಾಣಂತಿಗೆ ಕೊಡುವ ನಮ್ಮ ಅಳ್ವಿ. ಒಂದು ತಟ್ಟೆಯಲ್ಲಿ ಸಂಶಯದ ಹೂಳು, ಇನ್ನೊಂದರಲ್ಲಿ ನಿಮಗೆ ನಂಬಿಕೆಯಿರುವ ಕೆರೆಯ ಹೂಳು ಹಾಕಿ, ಎರಡಕ್ಕೂ ಒಂದೇ ಅಳತೆ ನೀರು ಬಿಟ್ಟು ಇಪ್ಪತ್ತಿಪ್ಪತ್ತು ಅಳ್ವಿ ಕಾಳು ಹಾಕಿ ಮೂರು ದಿನ ಬಿಡಿ. ಬೇರಿನ ಉದ್ದ ಅಳೆಯಿರಿ. ಉಪ್ಪಿನಂಶ ಜಾಸ್ತಿಯಿದ್ದರೂ ಬೇರು ಗಿಡ್ಡವಾಗುತ್ತದೆ, ಹಾಗಾಗಿ ಇದೇ ತೀರ್ಪಲ್ಲ. ಎರಡೂ ಒಂದೇ ಥರ ಬೆಳೆದರೂ ನಿಶ್ಚಿಂತೆ ಎಂದಲ್ಲ.

## ಮಾದರಿ ತೆಗೆಯುವಾಗ

ದಂಡಿ ಮ್ಯಾಗಿಂದು ಒಂದು ಚೀಲ ತಂದ್ರ ನಡೀತದೇನು?

ನಡೆಯುವುದಿಲ್ಲ. ದಂಡೆಯಲ್ಲಿ ಮರಳು, ಗರಸು ಇರುತ್ತದೆ. ಲೋಹ ಕೂರುವುದು ನುಣ್ಣನೆಯ ಜೇಡಿಯಲ್ಲಿ. ಅದು ಹರಿದುಬಂದು ನಿಲ್ಲುವುದು ತೂಬಿನ ಹತ್ತಿರ, ಏರಿಯ ಬುಡದ ಆಳದಲ್ಲಿ. ನಾನಾದರೆ ಕಾರ್ಖಾನೆಯ ನಾಲಾ ಕೆರೆ ಸೇರುವ ಬಾಯಿ, ಅಲ್ಲಿಂದ ಒಳಗೆ ಐವತ್ತು ಹೆಜ್ಜೆ, ಕೆರೆಯ ನಡು, ತೂಬಿನ ಮುಂದೆ, ಇಷ್ಟು ಕಡೆ ತೆಗೆಯುತ್ತೇನೆ. ಪ್ರತಿ ಜಾಗದಲ್ಲೂ ಮೂರು ಸಲ. ಎಲ್ಲ ಜಾಗದ್ದನ್ನೂ ಒಂದೇ ಬಕೆಟ್‌ನಲ್ಲಿ ಕಲಸಿ ಒಂದು ಸ್ಯಾಂಪಲ್ ಮಾಡಿದರೆ ನಾಲಾ ಬಾಯಿಯ ವಿಷ ಉಳಿದ ಮಣ್ಣಿನಲ್ಲಿ ಮಾಯವಾಗುತ್ತದೆ.

ಮೇಲಿನ 10 ಸೆಂಟಿಮೀಟರ್ ಈಗಿನ ಕಥೆ ಹೇಳುತ್ತದೆ. ಹಳೆಯದು ಬೇಕಾದರೆ ಎರಡು ಇಂಚಿನ ಪಿವಿಸಿ ಪೈಪನ್ನು ಮೆತ್ತನೆಯ ಹೂಳಿನಲ್ಲಿ ನೆಟ್ಟಗೆ ಒತ್ತಿ, ಮೇಲಿನ ಬಾಯಿ ಅಂಗೈಯಿಂದ ಬಿಗಿಯಾಗಿ ಮುಚ್ಚಿ ಎಳೆಯಬೇಕು. ಪಚ್ ಎಂದು ಸದ್ದು ಮಾಡಿ ಇಡೀ ಕಂಬ ಈಚೆ ಬರುತ್ತದೆ. ಸೀಳಿ ನೋಡಿದರೆ ಎಷ್ಟೋ ಸಲ ಪದರಗಳು ಕಣ್ಣಿಗೇ ಕಾಣುತ್ತವೆ. ಹೂಳಿನಲ್ಲಿ ಸೊಂಟದವರೆಗೆ ಹೂತವನನ್ನು ಎಳೆಯುವುದು ಪೈಪ್ ಎಳೆದಷ್ಟು ಸುಲಭವಲ್ಲ. ಒಬ್ಬರೇ ಇಳಿಯಬೇಡಿ, ಸೊಂಟಕ್ಕೆ ಹಗ್ಗ ಇರಲಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ಜನ ಬಿಡುತ್ತಾರೆ: ಕಾರ್ಖಾನೆಯ ನೀರು ಮುಟ್ಟದ, ಅದೇ ಮಣ್ಣಿನ ಇನ್ನೊಂದು ಕೆರೆಯ ಹೂಳು. ದುಡ್ಡು ಎರಡೇ ಮಾದರಿಗೆ ಸಾಕಾಗುವಷ್ಟಿದ್ದರೆ ಒಂದು ಅಲ್ಲಿಂದಲೇ ತನ್ನಿ. ಯಾಕೆ ಎಂಬುದು ವರದಿಯ ಪ್ರಶ್ನೆಗೆ ಬಂದಾಗ ತಿಳಿಯುತ್ತದೆ.

ಯಾವ ಡಬ್ಬ್ಯಾಗ ತುಂಬಬೇಕ್ರಿ?

ಲೋಹ ನೋಡಲು ಪ್ಲಾಸ್ಟಿಕ್ ಡಬ್ಬಿ. ಎಣ್ಣೆ, ಕೀಟನಾಶಕ, ಪಿಎಎಚ್ ನೋಡಲು ಗಾಜಿನ ಬಾಟಲಿ. ಹುಳ ಬಿಟ್ಟು ನೋಡುವ ಜೀವಿ ಪರೀಕ್ಷೆಗಾದರೆ (ಅದರ ಮಾತು ಮುಂದೆ ಬರುತ್ತದೆ) ಬಾಯಿತನಕ ತುಂಬಿ, ಕತ್ತಲಲ್ಲಿ 4 ಡಿಗ್ರಿ ತಂಪಿನಲ್ಲಿಡಬೇಕು, ಫ್ರೀಜರ್‌ಗೆ ಹಾಕಬಾರದು.

ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ಸಲ ಹೋದಾಗ ಮನೆಯ ತಗಡಿನ ಬಕೆಟ್ ಒಯ್ದಿದ್ದೆ. ಕಲಸಿದ್ದು ಅದರಲ್ಲೇ, ರಾತ್ರಿಯೆಲ್ಲ ಇಟ್ಟಿದ್ದೂ ಅದರಲ್ಲೇ. ಸತು ವಿಪರೀತ ಎಂದು ವರದಿ ಬಂತು. ಊರಿಗೆ ಊರೇ ಕಾರ್ಖಾನೆ ಕಡೆ ಕೈ ತೋರಿಸಿತು. ನನಗೆ ಹೊಳೆದದ್ದು ವಾರದ ಮೇಲೆ, ಬಚ್ಚಲಲ್ಲಿ ಅದೇ ಬಕೆಟ್‌ನ ತಳ ನೋಡಿದಾಗ: ತಗಡಿಗೆ ಬಳಿದ ಸತುವಿನ ಲೇಪ ಕೆರೆದುಹೋಗಿ ಗೀರು ಗೀರಾಗಿತ್ತು. ಪ್ಲಾಸ್ಟಿಕ್ ತಗೊಂಡು ಮತ್ತೆ ಹೋದೆ. ಸತು ಪಕ್ಕದ ಊರಿನ ಕೆರೆಯಷ್ಟೇ ಬಂತು.

ಲ್ಯಾಬ್‌ನವರು "ಯಾವ ಪ್ಯಾರಾಮೀಟರ್" ಅಂತ ಕೇಳ್ತಾರ. ಏನ್ ಹೇಳ್ಬೇಕು?

ಕಾರ್ಖಾನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಟ್ಟೆಗೆ ಬಣ್ಣ ಹಾಕುತ್ತಿದ್ದರೆ ಕ್ರೋಮಿಯಂ, ತಾಮ್ರ, ಸತು. ಲೋಹಕ್ಕೆ ಲೇಪನ ಕೊಡುವ (ಎಲೆಕ್ಟ್ರೋಪ್ಲೇಟಿಂಗ್) ಕೆಲಸವಿದ್ದರೆ ನಿಕ್ಕಲ್, ಕ್ರೋಮಿಯಂ, ಸಯನೈಡ್. ಬ್ಯಾಟರಿಯಿದ್ದರೆ ಸೀಸ, ಆಂಟಿಮನಿ. ಚರ್ಮ ಹದ ಮಾಡುತ್ತಿದ್ದರೆ ಕ್ರೋಮಿಯಂ. ಕಲ್ಲಿದ್ದಲು ಬಾಯ್ಲರ್ ಇದ್ದರೆ ಆರ್ಸೆನಿಕ್ ಮತ್ತು ಪಿಎಎಚ್. ಸಕ್ಕರೆ, ಡಿಸ್ಟಿಲರಿಯಾದರೆ ಲೋಹಕ್ಕಿಂತ ಕೊಳೆಯುವ ಸಾವಯವದ ಗೋಳೇ ಹೆಚ್ಚು. ಈ ಪಟ್ಟಿ ಕಡತದಲ್ಲಿ ಸಿಗದಿದ್ದರೆ ಅಲ್ಲಿ ಶಿಫ್ಟ್ ಮಾಡಿದ ಹಿರಿಯರ ಹತ್ತಿರ ಹೋಗಿ ಕೂತು ಚಹಾ ಕುಡಿಯಿರಿ. ಯಾವ ವಾರ ನಾಲಾ ಯಾವ ಬಣ್ಣ ಇರುತ್ತಿತ್ತು ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ.

ಇದರ ಜೊತೆಗೆ ಅಲ್ಯುಮಿನಿಯಂ, ಕಬ್ಬಿಣ, ಸಾವಯವ ಇಂಗಾಲ, ಕಣಗಳ ಗಾತ್ರ ಕೂಡ ಕೇಳಿ. ಇವು ವಿಷವಲ್ಲ, ಆದರೆ ಇವಿಲ್ಲದೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ.

## ವರದಿ ಕೈಗೆ ಬಂದ ಮೇಲೆ

ಕ್ರೋಮಿಯಂ 120, ನಿಕ್ಕಲ್ 60 ಅಂತ ಬಂದದ. ಕೆರಿ ಸತ್ತಂಗೇನು?

ಗಾಬರಿಯಾಗುವ ಮೊದಲು ನಿಮ್ಮ ಕಾಲಡಿಯ ಕಲ್ಲು ಯಾವುದು ಹೇಳಿ.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಹೂಳಿನ ಮಾರ್ಗಸೂಚಿ 2000ದಲ್ಲಿ ಉತ್ತರ ಅಮೆರಿಕದ ಸಿಹಿನೀರಿನ ಹೂಳುಗಳನ್ನು ನೋಡಿ ಮಾಡಿದ್ದು. ಪ್ರತಿ ಲೋಹಕ್ಕೂ ಎರಡು ಗೆರೆ. ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ ತಳದ ಜೀವಿಗಳಿಗೆ ತೊಂದರೆ ಅಪರೂಪ, ಮೇಲಿನ ಗೆರೆ ದಾಟಿದರೆ ತೊಂದರೆಯ ಸಂಭವ ಹೆಚ್ಚು. ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ರೋಮಿಯಂಗೆ 43.4 ಮತ್ತು 111, ನಿಕ್ಕಲ್‌ಗೆ 22.7 ಮತ್ತು 48.6, ತಾಮ್ರಕ್ಕೆ 31.6 ಮತ್ತು 149, ಸೀಸಕ್ಕೆ 35.8 ಮತ್ತು 128, ಸತುವಿಗೆ 121 ಮತ್ತು 459, ಕ್ಯಾಡ್ಮಿಯಂಗೆ 0.99 ಮತ್ತು 4.98, ಆರ್ಸೆನಿಕ್‌ಗೆ 9.79 ಮತ್ತು 33. ನಿಮ್ಮ ಎರಡೂ ಅಂಕಿ ಮೇಲಿನ ಗೆರೆ ದಾಟಿವೆ, ನಿಜ.

ಆದರೆ ಕಲಬುರಗಿಯ ಉತ್ತರ ಭಾಗ, ಆಳಂದ ಕಡೆ ಇರುವುದು ದಖನ್ನಿನ ಬಸಾಲ್ಟ್. ಆ ಕರಿಕಲ್ಲಿನಲ್ಲಿ ತಾಮ್ರ, ನಿಕ್ಕಲ್, ಕ್ರೋಮಿಯಂ ಗ್ರಾನೈಟಿಗಿಂತ ಸಹಜವಾಗಿಯೇ ಜಾಸ್ತಿ. ಅದು ಸವೆದು ಆದ ಎರೆಮಣ್ಣಿನಲ್ಲೂ ಜಾಸ್ತಿ. ಕಾರ್ಖಾನೆಯೇ ಕಾಣದ ಕೆರೆಯೂ ಅಮೆರಿಕದ ಆ ಗೆರೆಗಳನ್ನು ದಾಟಬಹುದು. ಮೇಲಾಗಿ ಕಲ್ಲಿನಿಂದ ಬಂದ ಕ್ರೋಮಿಯಂ ಬಹುಪಾಲು ಮೂರು ವೇಲೆನ್ಸಿಯದು (ಕ್ರೋಮಿಯಂ-3), ಖನಿಜದೊಳಗೆ ಬಂಧಿ. ಭಯಪಡಬೇಕಾದದ್ದು ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂ-6). ವರದಿಯಲ್ಲಿ "ಒಟ್ಟು ಕ್ರೋಮಿಯಂ" ಎಂದಷ್ಟೇ ಇದ್ದರೆ ಯಾವುದು ಎಷ್ಟು ಗೊತ್ತಾಗುವುದಿಲ್ಲ.

ಶಹಾಬಾದ್, ಸೇಡಂ ಕಡೆ ಬಂದರೆ ಸುಣ್ಣದ ಕಲ್ಲು ಮತ್ತು ಜೇಡಿಕಲ್ಲು. ಯಾದಗಿರಿ ಗ್ರಾನೈಟ್ ಸೀಮೆ. ಅಲ್ಲಿ ಇದೇ 120 ಬಂದರೆ ನಾನು ಕುರ್ಚಿಯಿಂದ ಎದ್ದು ಕೂರುತ್ತೇನೆ. ಬೀದರ್‌ನಲ್ಲಿ ಬಸಾಲ್ಟಿನ ಮೇಲೆ ಜಂಬಿಟ್ಟಿಗೆಯ ಹೊದಿಕೆ, ಕಬ್ಬಿಣ ಹೆಚ್ಚು. ನಾಲ್ಕು ದಿಕ್ಕಿಗೆ ನಾಲ್ಕು ಥರದ ಕಲ್ಲು. ಅದೇ ಕಲ್ಲಿನ, ಕಾರ್ಖಾನೆ ನೀರು ಮುಟ್ಟದ ಕೆರೆಯ ಅಂಕಿ ಪಕ್ಕದಲ್ಲಿರಲಿ ಎಂದದ್ದು ಇದಕ್ಕೇ. ಅಲ್ಲಿ 110, ಇಲ್ಲಿ 120 ಎಂದರೆ ಕಾರ್ಖಾನೆಯ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ 40 ಇದ್ದರೆ ಮಾತು ಬೇರೆ. ಇನ್ನೂ ಸರಿಯಾದ ದಾರಿ ಎಂದರೆ ಲೋಹವನ್ನು ಅಲ್ಯುಮಿನಿಯಮ್ಮಿನಿಂದ ಭಾಗಿಸಿ ಎರಡೂ ಕೆರೆಯ ಅನುಪಾತ ಹೋಲಿಸುವುದು. ಜೇಡಿ ಹೆಚ್ಚು ಕಡಿಮೆಯಾದದ್ದರಿಂದ ಬರುವ ವ್ಯತ್ಯಾಸ ಆಗ ಕಳೆದುಹೋಗುತ್ತದೆ.

ನಮ್ಮ ದೇಶದಾಗ ಹೂಳಿಗೆ ಲಿಮಿಟ್ ಇಲ್ಲೇನ್ರಿ?

ಕೆರೆ ಹೂಳಿಗೇ ಎಂದು ಮಾಡಿದ ಮಾನಕ ಇಲ್ಲ. ಅಕ್ಕಪಕ್ಕದ ಎರಡು ಅಳತೆಗೋಲು ಉಪಯೋಗಕ್ಕೆ ಬರುತ್ತವೆ. ಹೊಲಕ್ಕೆ ಹಾಕುವ ಮಾತಾದರೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಪಟ್ಟಣದ ಕಾಂಪೋಸ್ಟ್‌ಗೆ ಇಟ್ಟ ಮಿತಿ: ಕಿಲೋಗೆ ಸೀಸ 100, ಕ್ಯಾಡ್ಮಿಯಂ 5, ಆರ್ಸೆನಿಕ್ 10, ನಿಕ್ಕಲ್ 50, ಕ್ರೋಮಿಯಂ 50 ಮಿಲಿಗ್ರಾಂ. ಈ ಕ್ರೋಮಿಯಂ ಮಿತಿಗೆ ನಮ್ಮ ಎರೆಹೊಲದ ಮಣ್ಣೇ ಫೇಲಾಗಬಹುದು, ಆ ಮಾತು ಬೇರೆ. ಎತ್ತಿದ ಹೂಳನ್ನು ಎಲ್ಲಿ ಸುರಿಯಬೇಕು ಎಂಬ ಮಾತಾದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಎರಡನೇ ಅನುಸೂಚಿ. ಅದರಲ್ಲಿ ಮಣ್ಣನ್ನು ಹುಳಿ (ಆಮ್ಲ) ದ್ರಾವಣದಲ್ಲಿ ಕುಲುಕಿ ಇಳಿದುಬಂದದ್ದನ್ನು ಅಳೆಯುತ್ತಾರೆ. ಸೀಸ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂ 1 ಮಿಲಿಗ್ರಾಂ ಮುಟ್ಟಿದರೆ ಅದು ಅಪಾಯಕಾರಿ ತ್ಯಾಜ್ಯ.

ಎರಡು ಲ್ಯಾಬ್ ಎರಡು ನಂಬರ್ ಕೊಟ್ಟಾರ. ಯಾರು ಸುಳ್ಳು?

ಬಹುಶಃ ಇಬ್ಬರೂ ಅಲ್ಲ. ಒಬ್ಬರು ರಾಜದ್ರವ ಎಂಬ ಗಟ್ಟಿ ಆಮ್ಲಗಳ ಮಿಶ್ರಣದಲ್ಲಿ ಕುದಿಸಿ ಕರಗಿದಷ್ಟನ್ನು ಅಳೆದಿರುತ್ತಾರೆ, ಇನ್ನೊಬ್ಬರು ಎಕ್ಸ್-ಕಿರಣ ಬಿಟ್ಟು ನೋಡುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಕಲ್ಲಿನೊಳಗಿನದನ್ನೂ ಸೇರಿಸಿ ಅಳೆದಿರುತ್ತಾರೆ. ಕ್ರೋಮಿಯಂನಲ್ಲಿ ಈ ಅಂತರ ಎದ್ದು ಕಾಣುತ್ತದೆ. ವಿಧಾನ ಯಾವುದೆಂದು ಬರೆಯದ ವರದಿಗೆ ದುಡ್ಡು ಕೊಡಬೇಡಿ. ಎರಡು ಕೆರೆಯ ಮಾದರಿಯನ್ನೂ ಒಂದೇ ಲ್ಯಾಬ್‌ಗೆ, ಒಂದೇ ದಿನ ಕೊಡಿ. ಯಾವುದು ಯಾವ ಕೆರೆಯದೆಂದು ಡಬ್ಬಿಯ ಮೇಲೆ ಬರೆಯಬೇಡಿ, ನಂಬರ್ ಮಾತ್ರ ಹಾಕಿ.

## ಇನ್ನೂ ಆಳಕ್ಕಿಳಿದವರಿಗೆ

ಹುಳ ಬಿಟ್ಟು ನೋಡ್ತಾರ ಅಂತಾರಲ್ಲ, ಅದೇನದು?

ಲೋಹ ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಅದು ಯಾರನ್ನಾದರೂ ಕಾಡುತ್ತಿದೆಯೇ ಎಂದು ಹೇಳಬಲ್ಲದ್ದು ಜೀವಿಯೇ. ಅದಕ್ಕೆ ಕೈರೊನೊಮಸ್ ಎಂಬ ನುಸಿಯ ಮರಿ ಬಳಸುತ್ತಾರೆ. ಚರಂಡಿ ತಳದಲ್ಲಿ ಕೊಂಕುತ್ತಾ ಆಡುವ ಕೆಂಪು ದಾರದಂಥ ಹುಳ ನೋಡಿದ್ದೀರಲ್ಲ, ಅದೇ ಕುಲದ್ದು. ಮೈಯಲ್ಲಿ ನಮ್ಮ ಹಾಗೆ ಹಿಮೋಗ್ಲೋಬಿನ್ ಇದೆ, ಆ ಕೆಂಪು ಅದರದ್ದು. ಹೊರದೇಶದಲ್ಲಿ ಹಯಾಲೆಲ್ಲಾ ಎಂಬ ಸಣ್ಣ ಸಿಗಡಿಯಂಥದ್ದೂ ಬಳಕೆಯಲ್ಲಿದೆ. ಅದು ಅಮೆರಿಕ ಖಂಡದ್ದು.

ಅಮೆರಿಕದ ಪರಿಸರ ಸಂಸ್ಥೆಯ ವಿಧಾನ ಹೀಗೆ: ಒಂದು ಬೀಕರ್‌ಗೆ 100 ಮಿಲಿಲೀಟರ್ ಹೂಳು, ಮೇಲೆ 175 ಮಿಲಿಲೀಟರ್ ಶುದ್ಧ ನೀರು, ಹತ್ತು ಮರಿ. ಇಂಥ ಎಂಟು ಬೀಕರ್. 23 ಡಿಗ್ರಿ, ದಿನಕ್ಕೆ ಹದಿನಾರು ಗಂಟೆ ಬೆಳಕು, ಹತ್ತು ದಿನ. ಕೊನೆಗೆ ಜರಡಿ ಹಿಡಿದು ಬದುಕಿದವನ್ನು ಎಣಿಸಿ, ತೂಕ ನೋಡುತ್ತಾರೆ. ಹೋಲಿಕೆಗೆಂದು ಇಟ್ಟ ಶುದ್ಧ ಹೂಳಿನ ಬೀಕರ್‌ನಲ್ಲೇ ಕೈರೊನೊಮಸ್ ನೂರಕ್ಕೆ 70, ಹಯಾಲೆಲ್ಲಾ 80 ಬದುಕದಿದ್ದರೆ ಇಡೀ ಪರೀಕ್ಷೆ ರದ್ದು. ನಿಮ್ಮ ವರದಿಯಲ್ಲಿ ಮೊದಲು ನೋಡಬೇಕಾದ ಸಾಲು ಅದು.

ಕೀಟನಾಶಕ ನೋಂದಣಿಗಾಗಿ ಪರೀಕ್ಷೆ ನಡೆಸುವ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಮಾನ್ಯತೆಯ ಲ್ಯಾಬ್‌ಗಳಲ್ಲಿ ಕೈರೊನೊಮಸ್ ಸಾಕುವ ವ್ಯವಸ್ಥೆ ಇರುತ್ತದೆ. ಸಾಮಾನ್ಯ ನೀರಿನ ಲ್ಯಾಬ್‌ಗಳಲ್ಲಿ ಹುಡುಕಬೇಡಿ.

ಲೋಹ ಕಡಿಮಿ ಅದ, ಆದ್ರೂ ಹುಳ ಸತ್ತವು. ಯಾಕ?

ಮೊದಲ ಅನುಮಾನ ಅಮೋನಿಯಾ ಮೇಲೆ. ಊರ ಚರಂಡಿ ನೀರು ಸೇರುವ ಕೆರೆಯಲ್ಲಿ ಹೂಳು ಕೊಳೆತು ಅಮೋನಿಯಾ ಏಳುತ್ತದೆ. ನಮ್ಮ ನೀರಿನ ಪಿಎಚ್ ಎಂಟರ ಆಸುಪಾಸು ಇರುವುದರಿಂದ ಅದರ ಕಾಟ ಇನ್ನೂ ಜಾಸ್ತಿ. ಕಾರ್ಖಾನೆಯನ್ನು ಬೈದು ಕೊನೆಗೆ ನಮ್ಮದೇ ಶೌಚದ ಗುಂಡಿ ಆರೋಪಿಯಾದ ಪ್ರಸಂಗ ಇಂಥಲ್ಲೇ ಆಗುವುದು.

ಅಪರಾಧಿಯನ್ನು ಪತ್ತೆ ಹಚ್ಚುವ ಕ್ರಮ ಸೊಗಸಾಗಿದೆ. ಒಂದು ಬೀಕರ್‌ಗೆ ಝಿಯೋಲೈಟ್ ಎಂಬ ಖನಿಜ ಬೆರೆಸುತ್ತಾರೆ, ಅದು ಅಮೋನಿಯಾ ನುಂಗುತ್ತದೆ. ಇನ್ನೊಂದಕ್ಕೆ ತೆಂಗಿನ ಚಿಪ್ಪಿನ ಇದ್ದಿಲ ಪುಡಿ, ಅದು ಎಣ್ಣೆ, ಕೀಟನಾಶಕ ಹಿಡಿಯುತ್ತದೆ. ಮತ್ತೊಂದಕ್ಕೆ ಲೋಹ ಹೀರುವ ರಾಳ. ಯಾವ ಬೀಕರ್‌ನಲ್ಲಿ ಹುಳ ಬದುಕಿದವೋ ಅದರಲ್ಲಿ ಹಿಡಿದದ್ದೇ ಕೊಲೆಗಾರ.

ಲೋಹ ಭಾಳ ಅದ, ಹುಳ ಮಾತ್ರ ಆರಾಮ ಅದಾವ. ಹಂಗಾದ್ರ ಹೂಳು ಹೊರಬಹುದಲ್ಲ?

ಸಲ್ಫೈಡ್ ಲೋಹವನ್ನು ಹಿಡಿದಿಟ್ಟಿರಬೇಕು. ಅದನ್ನೂ ಅಳೆಯಬಹುದು: ಆಮ್ಲ ಹಾಕಿದರೆ ಬಿಡುವ ಸಲ್ಫೈಡ್ ಎಷ್ಟು, ಜೊತೆಗೆ ಬರುವ ಲೋಹ ಎಷ್ಟು. ಮೋಲ್ ಲೆಕ್ಕದಲ್ಲಿ (ತೂಕದಲ್ಲಲ್ಲ, ಕಣಗಳ ಎಣಿಕೆಯಲ್ಲಿ) ಸಲ್ಫೈಡ್ ಹೆಚ್ಚಿದ್ದರೆ ಹುಳಕ್ಕೆ ರಕ್ಷಣೆ. ಆದರೆ ಆ ಆರಾಮ ನೀರಿನಡಿ ಇರುವ ತನಕ. ಅದೇ ಹೂಳನ್ನು ಎರಡು ವಾರ ನೆರಳಲ್ಲಿ ಒಣಗಿಸಿ, ಮತ್ತೆ ನೆನೆಸಿ, ಎರಡನೇ ಸಲ ಪರೀಕ್ಷೆ ಮಾಡಿಸಿ ನೋಡಿ. ಹೊಲಕ್ಕೆ ಹಾಕುವವರಿಗೆ ಬೇಕಾದ ಉತ್ತರ ಈ ಎರಡನೆಯದು.

ಇದು ಆ ಕಾರ್ಖಾನಿದೇ ವಿಷ ಅಂತ ಹ್ಯಾಂಗ ತೋರ್ಸೋದು?

ಪೈಪಿನಲ್ಲಿ ತೆಗೆದ ಕಂಬವನ್ನು ಎರಡೆರಡು ಸೆಂಟಿಮೀಟರ್ ಚೂರು ಮಾಡಿ ವಿಕಿರಣ ಸೂಸುವ ಸೀಸ-210 ಅಳೆದರೆ ಪದರದ ವಯಸ್ಸು ಸಿಗುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕಿಳಿಯುವ ಕಾಲ, ಸುಮಾರು 22 ವರ್ಷ. 1963ರ ಸುಮಾರಿಗೆ ಅಣುಬಾಂಬ್ ಪರೀಕ್ಷೆಗಳ ಸೀಸಿಯಂ-137 ಉತ್ತುಂಗದಲ್ಲಿತ್ತು, ಅದೂ ಒಂದು ಗುರುತು. ಲೋಹ ಏರಿದ್ದು ಕಾರ್ಖಾನೆ ಶುರುವಾದ ಪದರದಲ್ಲಿ, ಇಳಿದದ್ದು ಮುಚ್ಚಿದ ಪದರದಲ್ಲಿ ಎಂದು ಕಂಡರೆ ಬಲವಾದ ಸಾಕ್ಷಿ. ಪ್ರತಿವರ್ಷ ಬತ್ತಿ ಬಿರಿಯುವ, ದನ ತುಳಿದ, ಹಿಂದೊಮ್ಮೆ ಹೂಳೆತ್ತಿದ ಕೆರೆಯಲ್ಲಿ ಈ ಪದರ ಕಲಸಿಹೋಗಿರುತ್ತದೆ, ಆಗ ಇದು ಕೈಕೊಡುತ್ತದೆ.

ಬೇರೆ ಆರೋಪಿಗಳನ್ನೂ ಮರೆಯಬಾರದು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಹೆದ್ದಾರಿ ಪಕ್ಕದ ಕೆರೆಯ ಹಳೆ ಸೀಸ ಅಲ್ಲಿಂದಲೂ ಬಂದಿರಬಹುದು. ಗಣಪತಿ ಬಿಡುವ ಕೆರೆಯಾದರೆ ಮೂರ್ತಿಯ ಬಣ್ಣವಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮವೇ ಕೆಟ್ಟಿತ್ತು; ಅದು ಹತ್ತಿರದಲ್ಲೇ ಮುಚ್ಚಿದ ಚಿನ್ನದ ಗಣಿ ಇರುವ, ಆರ್ಸೆನಿಕ್ ಖನಿಜ ಕಲ್ಲಿನಲ್ಲೇ ಇರುವ ಪಟ್ಟಿ. ಅಂಥ ಕಡೆ ಕಲ್ಲಿನದೆಷ್ಟು, ಮನುಷ್ಯನದೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಅರ್ಜಿ ಯಾರಿಗೆ ಕೊಡಬೇಕು?

ಅಚ್ಚುಕಟ್ಟು 40 ಹೆಕ್ಟೇರ್ ಮೇಲಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯತ್ ವ್ಯವಸ್ಥೆಯದು. ಹೂಳೆತ್ತುವ ಅನುಮತಿ ಅಲ್ಲಿ. ವಿಷದ ದೂರು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಅದರ ನಕಲು ಜಿಲ್ಲಾಧಿಕಾರಿಗೆ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರಲ್ಲಿ ಪರಿಸರ ಸಂರಕ್ಷಣೆ (ಕಲುಷಿತ ಸ್ಥಳಗಳ ನಿರ್ವಹಣೆ) ನಿಯಮ ತಂದಿದೆ. ಸಂಶಯದ ಜಾಗ ಗುರುತಿಸಿ ಮಂಡಳಿಗೆ ತಿಳಿಸುವ ಹೊಣೆ ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾಡಳಿತದ್ದು. ಅರ್ಜಿಯಲ್ಲಿ ಆ ನಿಯಮದ ಹೆಸರು ಬರೆಯಿರಿ, ಹೋಲಿಕೆಗೆ ತೆಗೆದ ಕೆರೆಯ ವರದಿಯನ್ನೂ ಲಗತ್ತಿಸಿ, ಸ್ವೀಕೃತಿ ಪಡೆಯಿರಿ.

ಮುಟ್ಟದೇ ಹಂಗೇ ಬಿಟ್ರ ಆಗಲ್ಲೇನು?

ಪರದೇಶದ ಪುಸ್ತಕಗಳಲ್ಲಿ ಈ ಸಲಹೆ ಸಿಗುತ್ತದೆ: ಮೇಲೆ ಶುದ್ಧ ಮರಳು ಹಾಸಿ ಕೆದಕದೆ ಬಿಡಿ ಎಂದು. ಅಲ್ಲಿಯ ಸರೋವರಗಳಲ್ಲಿ ವರ್ಷವಿಡೀ ನೀರಿರುತ್ತದೆ. ನಮ್ಮ ಕೆರೆ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ಮಲಗುತ್ತದೆ, ಆ ಬಿರುಕಿನೊಳಗೆ ಗಾಳಿ ಒಂದೆರಡಡಿ ಇಳಿಯುತ್ತದೆ, ಧೂಳು ಊರ ಕಡೆ ಹಾರುತ್ತದೆ, ಹುಡುಗರು ಅಲ್ಲೇ ಕ್ರಿಕೆಟ್ ಆಡುತ್ತಾರೆ. ಹಾಗಾಗಿ ಬಿಟ್ಟುಬಿಡಿ ಎನ್ನಲು ನನಗೆ ಧೈರ್ಯವಿಲ್ಲ. ಸಾಮಾನ್ಯವಾಗಿ ಕೆರೆಯೆಲ್ಲ ಕೆಟ್ಟಿರುವುದಿಲ್ಲ, ನಾಲಾ ಬಾಯಿಯ ಸುತ್ತ ಒಂದಿಷ್ಟು ಜಾಗ ಕೆಟ್ಟಿರುತ್ತದೆ. ವರದಿಗಳನ್ನು ನಕ್ಷೆಯ ಮೇಲಿಟ್ಟು ಅಷ್ಟು ಭಾಗಕ್ಕೆ ಕಂಬ ನೆಟ್ಟು ಹಗ್ಗ ಕಟ್ಟಿಸಿ. ಜೆಸಿಬಿಯವನಿಗೆ ಬಾಯಲ್ಲಿ ಹೇಳಿದರೆ ಸಾಲದು. ಅವನು ರಾತ್ರಿ ಹೆಡ್‌ಲೈಟ್‌ನಲ್ಲಿ ಕೆಲಸ ಮಾಡುತ್ತಾನೆ, ಕಂಬಕ್ಕೆ ಬಿಳಿ ಬಣ್ಣ ಬಳಿಸಿ.